ಕಾಕಾ ಹೊಲಿದ ಒರೆ: ನಾಲ್ಕು ವರ್ಷ ಸೊಂಟಕ್ಕೆ ಕಟ್ಟಿಕೊಂಡ ಮೇಲೆ

ಪುಣೆಯ ಕ್ಯಾಂಪಿನ ಹಿಂದಿನ ಒಂದು ಗಲ್ಲಿಯಲ್ಲಿ, ಸೈಕಲ್ ರಿಪೇರಿಯವನಿಗೂ ಇಸ್ತ್ರಿಯವನಿಗೂ ನಡುವೆ, ಮೂರು ಮೆಟ್ಟಿಲು ಇಳಿದು ಹೋಗುವ ಖೋಲಿಯಿದೆ. ಬೋರ್ಡಿಲ್ಲ. ಬಾಗಿಲಿಗೆ ಜೋತುಬಿಟ್ಟ ನಾಲ್ಕು ಜೊತೆ ಚಪ್ಪಲಿಯೇ ಗುರುತು. ಒಳಗೆ ಕೂತು ಹೊಲಿಯುವವರು ಅಥಣಿ ಕಡೆಯವರು, ಅರವತ್ತೈದು ದಾಟಿರಬೇಕು. ನಾನು ಕಾಕಾ ಅನ್ನುತ್ತೇನೆ. ನನ್ನ .32 ರಿವಾಲ್ವರಿಗೆ ಅವರು ಮಾಡಿಕೊಟ್ಟ ಚರ್ಮದ ಹೋಲ್‌ಸ್ಟರ್, ಅಂದರೆ ಮೈಗೆ ಕಟ್ಟಿಕೊಳ್ಳುವ ಒರೆಯ ಬಗ್ಗೆ ಬರೆಯಲು ಕೂತಿದ್ದೇನೆ. ಲೈಸೆನ್ಸ್ ಇರುವ ಹೆಂಗಸರು ಸಿಕ್ಕಾಗಲೆಲ್ಲ ಕೇಳುವುದು ಒಂದೇ ಪ್ರಶ್ನೆ: "ನೀವು ಅದನ್ನ ಎಲ್ಲಿ ಇಟ್ಕೋತೀರಿ?" ನನ್ನ ಉತ್ತರ ಈ ಖೋಲಿಯಲ್ಲಿ ತಯಾರಾದದ್ದು.

ನಾನು ಜಮಖಂಡಿಯವಳು, ಮದುವೆಯಾಗಿ ಪುಣೆಗೆ ಬಂದು ಇಪ್ಪತ್ತಾರು ವರ್ಷ. ಸೋಲಾಪುರ ರಸ್ತೆಯಲ್ಲಿ ನಮ್ಮ ಪೆಟ್ರೋಲ್ ಪಂಪಿದೆ. 2016ರಲ್ಲಿ ಯಜಮಾನರು ತೀರಿಕೊಂಡರು. ಪಂಪೂ ನನ್ನ ಮೇಲೆ ಬಿತ್ತು, ಅವರ ರಿವಾಲ್ವರೂ ಬಿತ್ತು. ಲೈಸೆನ್ಸ್ ಇದ್ದವರು ಹೋದ ಮೇಲೆ ಆಯುಧ ಮನೆಯಲ್ಲಿ ಉಳಿಯಬಾರದು. ಹದಿಮೂರು ದಿನ ಮುಗಿಯುತ್ತಲೇ ಮೈದುನನ ಜೊತೆ ಹೋಗಿ ಲೈಸೆನ್ಸ್‌ದಾರ ಡೀಲರ್ ಬಳಿ ಜಮಾ ಮಾಡಿ ರಸೀದಿ ತಂದೆ. ವಾರಸುದಾರಳು ಅಂತ ನನ್ನ ಹೆಸರಿಗೆ ಅರ್ಜಿ ಹಾಕಿದೆ. ತರಬೇತಿಯ ಪ್ರಮಾಣಪತ್ರ, ದೇಹ ಮತ್ತು ಮನಸ್ಸಿನ ಆರೋಗ್ಯಕ್ಕೆ ವೈದ್ಯರ ಪ್ರಮಾಣಪತ್ರ, ಪೊಲೀಸರ ವಿಚಾರಣೆ ಎಲ್ಲ ಮುಗಿದು 2018ರಲ್ಲಿ ನನ್ನ ಕೈಗೆ ಬಂತು. ಕಾನ್ಪುರದ ಸರ್ಕಾರಿ ಕಾರ್ಖಾನೆಯದು, ಆರು ಗುಂಡು, ಮೂರು ಇಂಚಿನ ನಳಿಗೆ, ತೂಕ ಸುಮಾರು 700 ಗ್ರಾಂ. ಗುಂಡು ತುಂಬಲು ನಡುವೆ ಮಡಚಿ ತೆರೆಯುವಂಥದ್ದು.

ಆಗ ನಾನು ಅದನ್ನು ಕೈಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದೆ. ಟಿಫಿನ್ ಡಬ್ಬಿ, ಚಶ್ಮಾ, ಬಿಲ್ ಪುಸ್ತಕ, ಅದರ ಕೆಳಗೆ ರಿವಾಲ್ವರ್, ಮೇಲೆ ಜಿಪ್ಪು. ಹತ್ತಿರ ಇದೆಯಲ್ಲ, ಸಾಕು ಅಂದುಕೊಂಡಿದ್ದೆ.

2019ರ ಜನವರಿ, ರಾತ್ರಿ ಹತ್ತೂ ಮುಕ್ಕಾಲು. ದಿನದ ಲೆಕ್ಕ ಮುಗಿಸಿ ಹಡಪಸರದ ಮನೆಗೆ ಹೊರಟಿದ್ದೆ. ನಗದಿನ ಚೀಲ ಹಿಂದಿನ ಸೀಟಿನ ಮೇಲೆ. ಮುಂದಿನ ಗಾಜಿನ ಮೇಲೆ ಮೊಟ್ಟೆ ಬಂದು ಒಡೆಯಿತು. ವೈಪರ್ ಹಾಕಿದೆ. ಹಾಕಬಾರದಿತ್ತು. ಗಾಜೆಲ್ಲ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿ ಮುಂದೆ ಏನೂ ಕಾಣದೆ ನಿಲ್ಲಿಸಿದೆ. ಎರಡು ಬೈಕು, ಮೂವರು. ಹಿಂದಿನ ಗಾಜು ಒಡೆದರು. ನನ್ನ ಕೈ, ಕಾಲ ಬುಡದಲ್ಲಿದ್ದ ಕೈಚೀಲದ ಜಿಪ್ಪು ಹುಡುಕುತ್ತಿತ್ತು. ಜಿಪ್ಪು ಸಿಕ್ಕಿತು, ಡಬ್ಬಿ ಸಿಕ್ಕಿತು, ಹಿಡಿಕೆ ಸಿಗಲಿಲ್ಲ. ಹಿಂದಿನಿಂದ ಬಂದ ಲಾರಿಯವನು ಹಾರ್ನ್ ಒತ್ತಿಕೊಂಡೇ ನಿಂತ. ಅವರು ನಗದಿನ ಚೀಲ ಎಳೆದುಕೊಂಡು ಹೋದರು. ದುಡ್ಡು ಹೋದದ್ದಕ್ಕೆ ನಾನು ಅತ್ತಿಲ್ಲ. ಕೈಗೆ ಸಿಕ್ಕದ್ದು ಎಳೆಯುವವರು ಮುಂದಿನ ಬಾಗಿಲು ತೆಗೆದು ನನ್ನ ಕೈಚೀಲ ಎಳೆದಿದ್ದರೆ, ಆರು ಗುಂಡು ತುಂಬಿದ ರಿವಾಲ್ವರ್ ಆ ರಾತ್ರಿ ಆ ಮೂವರ ಕೈಯಲ್ಲಿ ಇರುತ್ತಿತ್ತು. ಅದನ್ನು ನೆನೆದರೆ ಇವತ್ತಿಗೂ ಅಂಗೈ ಬೆವರುತ್ತದೆ. ಮೈಮೇಲೆ ಇಲ್ಲದ ಆಯುಧ ಆಯುಧವಲ್ಲ, ಕಳುವಿನ ಮಾಲು.

ಆಮೇಲೆ ಮೊದಲು ಮಾಡಿದ್ದು ನಗದು ಒಯ್ಯುವುದನ್ನೇ ನಿಲ್ಲಿಸಿದ್ದು. ಪಂಪಿನಿಂದಲೇ ಬ್ಯಾಂಕಿಗೆ ಒಯ್ಯುವ ವ್ಯಾನ್ ಮಾಡಿಕೊಂಡೆವು. ಈಗ ಫೋನಿನಿಂದ ಕೊಡುವವರೇ ಹೆಚ್ಚು, ಲಾರಿಯವರದು ಮಾತ್ರ ನಗದು. ಪಂಪಿನ ಆವರಣದಲ್ಲಿ ಯಾರಾದರೂ ಬಂದು ಹೆದರಿಸಿದರೆ ಗಲ್ಲಾಪೆಟ್ಟಿಗೆ ಕೊಟ್ಟು ಕಳಿಸಿ ಅಂತ ಹುಡುಗರಿಗೆ ಹೇಳಿಟ್ಟಿದ್ದೇನೆ. ಪೆಟ್ರೋಲಿನ ಆವಿ ನೆಲಕ್ಕಂಟಿ ಹರಿಯುವ ಜಾಗದಲ್ಲಿ ಗುಂಡಿನ ಮಾತು ಆಡುವುದೇ ತಪ್ಪು. ಕಾರಿನ ಬಾಗಿಲು ಲಾಕ್, ಫೋನಿನಲ್ಲಿ 112 ಒಂದೇ ಒತ್ತಿಗೆ, ಗಾಜಿಗೆ ಏನೇ ಬಿದ್ದರೂ ವೈಪರ್ ಮುಟ್ಟದೆ ಬೆಳಕು ಇರುವ ಕಡೆಯವರೆಗೆ ನಿಧಾನವಾಗಿ ಓಡಿಸುವುದು. ಇಷ್ಟೆಲ್ಲ ಆದ ಮೇಲೂ ರಿವಾಲ್ವರ್ ಬೇಕೇ ಅಂತ ನನ್ನ ಮಗಳೇ ಕೇಳಿದಳು. ಆಮೇಲೆ ಪೊಲೀಸರು ಹಿಡಿದ ಆ ಮೂವರಲ್ಲಿ ಒಬ್ಬ ನಮ್ಮಲ್ಲೇ ಮೊದಲು ಕೆಲಸ ಮಾಡಿದವನು. ಜಾಮೀನಿನ ಮೇಲೆ ಹೊರಗೆ ಬಂದ ಮೇಲೆ ಎರಡು ಸಲ ಫೋನ್ ಬಂತು. ದೂರು ಕೊಟ್ಟಿದ್ದೇನೆ, ಪೊಲೀಸರು ಬಂದು ನೋಡಿಕೊಂಡೂ ಹೋಗುತ್ತಾರೆ. ಆದರೂ ರಾತ್ರಿ ಹನ್ನೊಂದಕ್ಕೆ ಆ ಹದಿನೈದು ಕಿಲೋಮೀಟರಿನಲ್ಲಿ ಕಾರಿನೊಳಗೆ ಇರುವುದು ನಾನೊಬ್ಬಳೇ. ಬೇಕು ಅಂದೆ.

ಹಾಗಾದರೆ ಎಲ್ಲಿ? ಅಂತರ್ಜಾಲದಲ್ಲಿ 450 ರೂಪಾಯಿಗೆ ನೈಲಾನಿನದೊಂದು ತರಿಸಿದೆ. ಯಾವ ಪಿಸ್ತೂಲಿಗೂ ಹೊಂದುತ್ತದೆ ಅಂತ ಬರೆದಿದ್ದರು. ಅಂದರೆ ಯಾವುದಕ್ಕೂ ಹೊಂದುವುದಿಲ್ಲ. ಟ್ರಿಗರಿನ ಮೇಲಿನ ಬಟ್ಟೆ ಮೆತ್ತಗಿದ್ದು ಹೊರಗಿನಿಂದ ಬೆರಳು ಒತ್ತಿದರೆ ಟ್ರಿಗರ್ ತಾಗುತ್ತಿತ್ತು. ರಿವಾಲ್ವರ್ ಹೊರಗೆ ತೆಗೆದರೆ ಚೀಲ ಚಪ್ಪಟೆ, ವಾಪಸ್ ಹಾಕಲು ಎಡಗೈಯಿಂದ ಬಾಯಿ ಅಗಲಿಸಬೇಕು, ಅಂದರೆ ನಳಿಗೆಯ ಮುಂದೆ ನನ್ನದೇ ಬೆರಳು. ಬಿಚ್ಚಿದರೆ ಚರ್ರ್ ಅಂತ ಓಣಿಗೆಲ್ಲ ಕೇಳುವ ಸದ್ದು. ಎರಡು ದಿನ ಹಾಕಿ ತೆಗೆದಿಟ್ಟೆ.

ತರಬೇತಿ ಕೊಟ್ಟವರು ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿಯಿಂದ ನಿವೃತ್ತರಾದ ಸುಬೇದಾರರು. ಅವರ ಬಳಿಗೇ ಮತ್ತೆ ಹೋದೆ. ಲೈಸೆನ್ಸಿಗೆ ಬೇಕಾದ ಪ್ರಮಾಣಪತ್ರ ಒಂದು ಸಲಕ್ಕೆ ಮುಗಿಯಿತು. ನಾನು ಅವರ ಬಳಿ ಕಲಿಯಲು ಹೋಗುವುದು ಇನ್ನೂ ನಿಂತಿಲ್ಲ, ಎರಡು ತಿಂಗಳಿಗೊಮ್ಮೆ. ಅವರು ಗುರಿಯ ಹಲಗೆಗೆ ಮನುಷ್ಯರ ಫೋಟೋ ಅಂಟಿಸುತ್ತಾರೆ. ಒಬ್ಬನ ಕೈಯಲ್ಲಿ ಚಾಕು, ಇನ್ನೊಬ್ಬನ ಕೈಯಲ್ಲಿ ಮೊಬೈಲು, ಮತ್ತೊಬ್ಬ ಬೆನ್ನು ತಿರುಗಿಸಿದವನು. ಹಲಗೆ ತಿರುಗುತ್ತಲೇ ಕಂಡದ್ದನ್ನು ಜೋರಾಗಿ ಹೇಳಬೇಕು, ಆಮೇಲೆ ನಿರ್ಧಾರ. ಮೊದಲ ದಿನ ನಾನು ಮೊಬೈಲ್ ಹಿಡಿದವನಿಗೆ ಹೊಡೆದೆ. ಸುಬೇದಾರರು ಬೈಯಲಿಲ್ಲ. ಫೋಟೋ ಕಿತ್ತು ತಂದು ತೂತು ತೋರಿಸಿ ನನ್ನ ಕೈಯಲ್ಲಿಟ್ಟರು. ಅದನ್ನು ಮನೆಗೆ ತಂದು ಕಪಾಟಿನ ಬಾಗಿಲ ಒಳಗೆ ಅಂಟಿಸಿದ್ದೇನೆ, ರಿವಾಲ್ವರ್ ತೆಗೆಯುವಾಗಲೆಲ್ಲ ಕಾಣುವ ಹಾಗೆ.

"ನೈಲಾನ್ ಒಗೀರಿ ಅಕ್ಕಾರ. ಕ್ಯಾಂಪಿನ್ಯಾಗ ನಮ್ಮ ಕಡೆಯವ್ರೊಬ್ರು ಅದಾರ" ಅಂತ ಕಾಕಾನ ವಿಳಾಸ ಕೊಟ್ಟವರೂ ಅವರೇ. ಇದು 2021ರ ಫೆಬ್ರವರಿ.

ಕಾಕಾ ಮೊದಲು ಕೇಳಿದ್ದು, "ಸಂಗಾಟ ತಂದೀರೇನ್ರಿ?" ಇಲ್ಲ ಅಂದೆ. "ಛಲೋ ಆತು. ಅಸಲಿದು ನನ್ನ ಕೈಯಾಗ ಕೊಡಬ್ಯಾಡ್ರಿ. ಕಟಗೀದು ಮಾಡಿಸ್ಕೊಂಡು ಬರ್ರಿ." ಆ ಮಾತಿಗೇ ನನಗೆ ನಂಬಿಕೆ ಬಂತು. ಇನ್ನೊಬ್ಬರ ಆಯುಧ ನೋಡುವ ಆಸೆ ಎಷ್ಟು ಜನಕ್ಕೆ ಇರುತ್ತದೆ ಅಂತ ಲೈಸೆನ್ಸ್ ಇರುವವರಿಗೆ ಗೊತ್ತು. ಮನೆಯಲ್ಲಿ ಗುಂಡು ತೆಗೆದು ಬೇರೆ ಕೋಣೆಯಲ್ಲಿಟ್ಟು, ರಿವಾಲ್ವರನ್ನು ರಟ್ಟಿನ ಮೇಲಿಟ್ಟು ಪೆನ್ಸಿಲಿನಿಂದ ಗೆರೆ ಎಳೆದೆ, ಗುಂಡು ತುಂಬುವ, ತಿರುಗುವ ಗಾಲಿಯ ದಪ್ಪ ಅಳೆದೆ. ನಮ್ಮ ಬಡಿಗೇರ ಸಾಗವಾನಿಯಲ್ಲಿ ಕೆತ್ತಿಕೊಟ್ಟ. ಮೂರನೇ ಸಲಕ್ಕೆ ಸರಿ ಬಂತು.

ತೊಗಲು ಎಮ್ಮೆಯದು. ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ್ದು, ಕೊಲ್ಹಾಪುರಿ ಚಪ್ಪಲಿಗೆ ಬಳಸುವುದೇ. (ಆ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳೂ ಸೇರಿದವು. ಹೆಸರು ಕೊಲ್ಹಾಪುರದ್ದು, ಕೈ ನಮ್ಮ ಅಥಣಿಯದೂ ಹೌದು.) ಕ್ರೋಮ್ ಹಾಕಿ ಹದ ಮಾಡಿದ ಚರ್ಮ ಪರ್ಸಿಗೆ, ಜಾಕೆಟಿಗೆ ಸರಿ. ಮೆತ್ತಗೆ ಉಳಿಯುತ್ತದೆ, ಅಚ್ಚು ಹಿಡಿಯುವುದಿಲ್ಲ, ಕಬ್ಬಿಣಕ್ಕೂ ಒಳ್ಳೆಯದಲ್ಲ. ತೊಗಟೆಯಲ್ಲಿ ಹದವಾದದ್ದು ನೀರಿನಲ್ಲಿ ನೆನೆದಾಗ ಹಿಟ್ಟಿನ ಹಾಗೆ ಮಣಿದು, ಒಣಗಿದಾಗ ಹಲಗೆಯ ಹಾಗೆ ನಿಲ್ಲುತ್ತದೆ.

ಅಚ್ಚು ಒತ್ತುವ ದಿನ ಅವರ ಮುಂದೆ ಎರಡು ಗಂಟೆ ಕೂತಿದ್ದೆ. ರಂಪಿಗೆಯಿಂದ ಕತ್ತರಿಸಿದ ತುಂಡನ್ನು ಉಗುರುಬೆಚ್ಚಗಿನ ನೀರಿಗೆ ಬಿಟ್ಟರು. ಸಣ್ಣ ಸಣ್ಣ ಗುಳ್ಳೆ ಎದ್ದವು. ಗುಳ್ಳೆ ನಿಲ್ಲುವ ತನಕ ಇಬ್ಬರೂ ಮಾತಾಡಲಿಲ್ಲ. ಹೊರಗೆ ತೆಗೆದು ಬಟ್ಟೆಯಲ್ಲಿ ಒರೆಸಿ, ಒಳಗೆ ಕಟ್ಟಿಗೆಯ ಅಚ್ಚು ಕೂಡಿಸಿ, ನುಣುಪಾಗಿ ಸವೆದ ಕೋಡಿನ ತುಂಡಿನಿಂದ ಒತ್ತುತ್ತಾ ಹೋದರು. ಮೊದಲು ಗಾಲಿಯ ಉಬ್ಬು, ಆಮೇಲೆ ನಳಿಗೆಯ ಬೆನ್ನು, ಕಡೆಗೆ ಟ್ರಿಗರಿನ ಸುತ್ತಿನ ಬಳೆ. ಕಪ್ಪಗೆ ಒದ್ದೆಯಾದ ತೊಗಲಿನೊಳಗಿಂದ ರಿವಾಲ್ವರಿನ ಆಕಾರ ಒಂದೊಂದೇ ಗೆರೆಯಾಗಿ ಮೇಲೆ ಬಂತು, ಗೌರಿ ಹುಣ್ಣಿಮೆಯಲ್ಲಿ ಸಕ್ಕರೆ ಅಚ್ಚು ತೆರೆದಾಗ ಆನೆ ಒಂಟೆ ಕಾಣಿಸಿದ ಹಾಗೆ. ಆ ಬಳೆ ಪೂರ್ತಿ ಮುಚ್ಚಬೇಕು, ಹೊರಗಿನಿಂದ ಎಷ್ಟು ಒತ್ತಿದರೂ ಟ್ರಿಗರ್ ಅಲುಗಬಾರದು ಅಂತ ನಾನು ಹೇಳುವ ಮೊದಲೇ ಅಲ್ಲಿ ಎರಡು ಪದರ ಹಾಕಿದ್ದರು. ಬಾಯಿಗೆ ಸುತ್ತಲೂ ಇನ್ನೊಂದು ಪಟ್ಟಿ. "ಬಾಯಿ ತಕ್ಕೊಂಡ ಇರಬೇಕ್ರಿ. ನೋಡಲಾರದ ಒಂದ ಕೈಲೆ ಒಳಗ ಹೋಗಬೇಕು." ಹೊಲಿಗೆ ಆರಿಯಿಂದ ತೂತು ಮಾಡಿ, ಮೇಣ ಹಚ್ಚಿದ ದಾರದಲ್ಲಿ, ಎರಡು ಸೂಜಿ ಎದುರುಬದುರು ಹಾಕಿ. ಒಂದು ದಾರ ಸವೆದು ತುಂಡಾದರೂ ಇನ್ನೊಂದು ಹಿಡಿದಿರುತ್ತದೆ. ಮಷಿನ್ ಹೊಲಿಗೆ ಹಾಗಲ್ಲ, ಒಂದು ಕಡೆ ಬಿಚ್ಚಿದರೆ ಸಾಲೇ ಬರುತ್ತದೆ.

ಹೋಲ್‌ಸ್ಟರ್ ಅನ್ನುವ ಮಾತು ಅವರಿಗೆ ಇಷ್ಟವಿಲ್ಲ. "ನಮ್ಮಜ್ಜ ಕತ್ತಿಗೆ ಒರಿ ಹೊಲೀತಿದ್ದ. ಇದೂ ಒರೀನ ಐತಿ."

ಮೊದಲನೆಯದನ್ನು ಗಂಡಸರ ಪದ್ಧತಿಯಲ್ಲಿ ಬಲ ಸೊಂಟಕ್ಕೆ ಮಾಡಿದ್ದು. ಒಂದೂವರೆ ಇಂಚಿನ ಎರಡು ಪದರದ ಬೆಲ್ಟು, ಚೂಡಿದಾರದ ಮೇಲೆ ಕಟ್ಟಿ ಮೇಲೆ ಕುರ್ತಾ. ನಿಂತಾಗ ಬಹಳ ಚೆನ್ನಾಗಿತ್ತು. ಕಾರಿನಲ್ಲಿ ಕೂತಾಗ ಸೀಟಿನ ಬೆನ್ನಿಗೂ ನನ್ನ ಸೊಂಟಕ್ಕೂ ನಡುವೆ ಸಿಕ್ಕಿಬೀಳುತ್ತಿತ್ತು, ಮೊಣಕೈ ಬಾಗಿಲಿಗೆ ಬಡಿಯುತ್ತಿತ್ತು, ಕುರ್ತಾ ತೊಡೆಯ ಕೆಳಗೆ. ನನಗೆ ಅಪಾಯ ಬಂದದ್ದೇ ಕೂತಲ್ಲಿ! ಸುಬೇದಾರರು ನನ್ನನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂಡಿಸಿ, ಖಾಲಿ ರಿವಾಲ್ವರನ್ನು ಒರೆಯಿಂದ ಇಪ್ಪತ್ತು ಸಲ ಎಳೆಸಿ ನೋಡಿ, ಎಡಗಡೆ ಹೊಟ್ಟೆಯ ಮುಂದಕ್ಕೆ, ಹಿಡಿಕೆ ಬಲಕ್ಕೆ ವಾಲಿದ ಹಾಗೆ ಮಾಡಿಸಿ ಅಂದರು. ಅದನ್ನು ಕಾಗದದ ಮೇಲೆ ಬರೆದುಕೊಂಡು ಹೋಗಿ ಕಾಕಾನಿಗೆ ತೋರಿಸಿದೆ. ಅವರು ಕಾಗದ ನೋಡಲೇ ಇಲ್ಲ. ಮೊಮ್ಮಗಳನ್ನು ಕರೆದು ಸ್ಟೂಲಿನ ಮೇಲೆ ಕೂಡಿಸಿ, ಸೊಂಟಕ್ಕೆ ದಾರ ಕಟ್ಟಿ, ನಮ್ಮ ಕಡೆ ಮದುಮಗಳಿಗೆ ಡಾಬು ಎಲ್ಲಿ ಕೂರುತ್ತದೋ ಅಲ್ಲಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಎರಡನೆಯದು ಹಾಗೆ ಹುಟ್ಟಿತು. ನಾಲ್ಕು ವರ್ಷದಿಂದ ಕಟ್ಟುತ್ತಿರುವುದು ಅದನ್ನೇ.

ಈಗ ಬೆಲ್ಟು ಕುರ್ತಾದ ಮೇಲೆ, ಅದರ ಮೇಲೆ ತೋಳಿಲ್ಲದ ಖಾದಿ ಜಾಕೆಟು. ಜಾಕೆಟಿನ ಕೆಳಗಿನ ಮೂರು ಗುಂಡಿ ಕಿತ್ತು ಪ್ರೆಸ್ ಬಟನ್ ಹಾಕಿಸಿದ್ದೇನೆ. ಎಡಗೈ ಜಾಕೆಟಿನ ಅಂಚು ಎಳೆದು ಎದೆಗೆ ಒತ್ತಿಕೊಳ್ಳುತ್ತದೆ, ಬಲಗೈ ಹಿಡಿಕೆಗೆ, ಹೆಬ್ಬೆರಳು, ರಿವಾಲ್ವರ್ ಜಾರದ ಹಾಗೆ ಮೇಲೆ ಬಿಗಿದ ಪಟ್ಟಿಯ ಗುಂಡಿ ಬಿಚ್ಚುತ್ತದೆ. ಬೆರಳು ಟ್ರಿಗರಿನ ಹೊರಗೆ ನೇರ. ವಾರಕ್ಕೆ ಮೂರು ರಾತ್ರಿ, ಹತ್ತು ಹತ್ತು ನಿಮಿಷ, ಗುಂಡು ಇನ್ನೊಂದು ಕೋಣೆಯಲ್ಲಿ ಬೀಗ ಹಾಕಿಟ್ಟು, ಇಟ್ಟಿಗೆ ಗೋಡೆಯ ಕಡೆ ಮುಖ ಮಾಡಿ ಅಭ್ಯಾಸ ಮಾಡುತ್ತೇನೆ. ಮೊದಮೊದಲು ಐದು ಸೆಕೆಂಡ್ ಹಿಡಿಯುತ್ತಿತ್ತು, ಈಗ ಎರಡೂವರೆ. ವೇಗಕ್ಕಿಂತ ನನಗೆ ಹೆಚ್ಚಿನದು, ಕೈ ದಾರಿ ತಪ್ಪುವುದಿಲ್ಲ ಅನ್ನುವ ಧೈರ್ಯ. ಆಗ ಕಣ್ಣು ಎದುರಿನವನ ಕೈಗಳ ಮೇಲೆ ಇರಬಹುದು.

ಈ ಜಾಗಕ್ಕೊಂದು ದೊಡ್ಡ ದೋಷವಿದೆ, ಮುಚ್ಚಿಡುವುದಿಲ್ಲ. ಎಳೆಯುವಾಗ ನಳಿಗೆ ಒಂದು ಕ್ಷಣ ಎಡಕ್ಕೆ ತಿರುಗುತ್ತದೆ. ನಮ್ಮ ಕಾರಿನಲ್ಲಿ ಎಡಕ್ಕೆ ಇನ್ನೊಬ್ಬರ ಸೀಟು. ನಾನು ಒಬ್ಬಳೇ ಓಡಿಸುವಾಗ ಮಾತ್ರ ಇದನ್ನು ಕಟ್ಟುತ್ತೇನೆ. ಮಗಳು ಪಕ್ಕದಲ್ಲಿ ಕೂತ ದಿನ ರಿವಾಲ್ವರ್ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲೇ ಇರುತ್ತದೆ. ಎಳೆಯುವಾಗ ನನ್ನದೇ ಎಡಗೈ ಎದೆ ಬಿಟ್ಟು ನಳಿಗೆಯ ಮುಂದಕ್ಕೆ ಇಳಿಯದ ಹಾಗೆ ಕಲಿಯಲು ನನಗೆ ಆರು ತಿಂಗಳು ಬೇಕಾಯಿತು.

ಜಾಕೆಟ್ ಏಕೆ ಅಂದರೆ ಚಳಿಗೂ ಚೆಂದಕ್ಕೂ ಅಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಪಿಸ್ತೂಲೋ ರಿವಾಲ್ವರೋ ಒಯ್ಯುವವರು ಅದನ್ನು ಮೈಗೆ ಕಟ್ಟಿದ ಹೋಲ್‌ಸ್ಟರಿನಲ್ಲೋ ಅಂಥ ಚೀಲದಲ್ಲೋ ಇಟ್ಟು, ಪೂರ್ತಿ ಮುಚ್ಚಿರಬೇಕು, ತನ್ನ ಹಿಡಿತದಲ್ಲಿರಬೇಕು. ತೋರಿಸಿಕೊಂಡು ತಿರುಗುವಂತಿಲ್ಲ. ಮದುವೆ, ಮೆರವಣಿಗೆಗಳಲ್ಲಿ ಗಾಳಿಗೆ ಹಾರಿಸಿದರೆ 2019ರ ತಿದ್ದುಪಡಿಯಾದ ಮೇಲೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಮದುವೆ ಮನೆಗೆ ನಾನು ಒಯ್ಯುವುದೇ ಇಲ್ಲ. ನೆಂಟರ ಹುಡುಗರು "ಅತ್ತೀ, ಒಮ್ಮೆ ತೋರ್ಸ" ಅನ್ನುತ್ತಾರೆ. ತೋರಿಸಿಲ್ಲ, ತೋರಿಸುವುದಿಲ್ಲ.

ಇನ್ನು ಯಾವಾಗ ತೆಗೆಯಬಹುದು ಅನ್ನುವುದು. ಆತ್ಮರಕ್ಷಣೆಯ ಹಕ್ಕನ್ನು ಹೇಳುವ, ಹಳೆಯ ದಂಡ ಸಂಹಿತೆಯ 96ರಿಂದ 106ರ ಕಲಮುಗಳು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44 ಆಗಿವೆ. ಓದಲು ಅರ್ಧ ಗಂಟೆ ಸಾಕು, ಲೈಸೆನ್ಸ್ ಇದ್ದವರು ಓದಲೇಬೇಕು. ಪ್ರಾಣ ಹೋಗುವ, ತೀವ್ರ ಗಾಯವಾಗುವ, ಇಲ್ಲವೇ ಅತ್ಯಾಚಾರ, ಅಪಹರಣದಂಥ ಆ ಕಲಮುಗಳು ಹೆಸರಿಸಿದ ಘೋರ ಕೃತ್ಯದ ನಿಜವಾದ ಭಯ ಇರಬೇಕು. ಪೊಲೀಸರನ್ನು ಕರೆಯಲು ಸಮಯವಿದ್ದರೆ ಆ ಹಕ್ಕಿಲ್ಲ. ತಡೆಯಲು ಎಷ್ಟು ಬೇಕೋ ಅಷ್ಟೇ, ಹೆಚ್ಚಿಲ್ಲ. ಭಯ ಮುಗಿದ ಕ್ಷಣ ಹಕ್ಕೂ ಮುಗಿಯಿತು. 2019ರ ಆ ರಾತ್ರಿ ಗಾಜು ಒಡೆಯುತ್ತಿದ್ದಾಗ ಮಾತು ಬೇರೆ. ಚೀಲ ಹಿಡಿದು ಬೈಕು ಹತ್ತಿ ಹೊರಟವರ ಬೆನ್ನಿಗೆ ನಾನು ಹೊಡೆದಿದ್ದರೆ ಅದು ಆತ್ಮರಕ್ಷಣೆ ಆಗುತ್ತಿರಲಿಲ್ಲ. ಜಿಪ್ಪು, ಡಬ್ಬಿ ದಾಟಿ ಹಿಡಿಕೆ ನನ್ನ ಕೈಗೆ ಸಿಗುವ ಹೊತ್ತಿಗೆ ಅವರು ಹಾಗೆಯೇ ಹೊರಟಿರುತ್ತಿದ್ದರು. ತಡವಾಗಿ ಸಿಕ್ಕಿದ್ದರೆ ಸಿಟ್ಟಿನಲ್ಲಿ ಏನು ಮಾಡುತ್ತಿದ್ದೆನೋ ಅನ್ನುವುದು ನನ್ನನ್ನು ಇನ್ನೂ ಕಾಡುತ್ತದೆ.

2014ರಲ್ಲಿ ಹೆಂಗಸರಿಗೆಂದೇ ನಿರ್ಭೀಕ್ ಅನ್ನುವ ಅರ್ಧ ಕಿಲೋದ .32 ರಿವಾಲ್ವರ್ ಬಂದಾಗ ಯಜಮಾನರು ಪತ್ರಿಕೆಯಲ್ಲಿ ತೋರಿಸಿದ್ದರು. ಒಡವೆ ಪೆಟ್ಟಿಗೆಯಂಥ ಡಬ್ಬಿ, ಬೆಲೆ ಲಕ್ಷದ ಮೇಲೆ. ಹಗುರವೇನೋ ಒಳ್ಳೆಯದೇ. ಆದರೆ ನೆರಿಗೆ, ಸೆರಗು, ಓಢಣಿಯ ನಡುವೆ ಅದು ಎಲ್ಲಿ ಕೂರಬೇಕು ಅನ್ನುವುದಕ್ಕೆ ಉತ್ತರ ಕೊಡಲು ಒಬ್ಬ ಚಪ್ಪಲಿ ಹೊಲಿಯುವವರೇ ಬೇಕಾಯಿತು.

ಕಾಕಾನ ಕೆಲಸದಲ್ಲಿ ಕೊರತೆ? ಹೇಳಿದ ದಿನಕ್ಕೆ ಕೊಡುವುದಿಲ್ಲ. ಎರಡು ವಾರ ಅಂದರೆ ಐದು ವಾರ. ಫೋನ್ ಎತ್ತುವುದಿಲ್ಲ. ಹೆಬ್ಬೆರಳ ಪಟ್ಟಿಯ ಗುಂಡಿ ಮೊದಲು ಸಡಿಲವಿತ್ತು, ಸೀಟ್‌ಬೆಲ್ಟ್ ತಾಗಿ ಎರಡು ಸಲ ತಾನಾಗಿಯೇ ಬಿಚ್ಚಿತು. ಇದು ಸಣ್ಣ ವಿಷಯವಲ್ಲ, ಅವರಿಗೂ ಅಷ್ಟೇ ಕಟುವಾಗಿ ಹೇಳಿದೆ. ಮರುಮಾತಾಡದೆ ಪಟ್ಟಿ ಬಿಚ್ಚಿ, ಎರಡು ಪದರದ ನಡುವೆ ತೆಳುವಾದ ಉಕ್ಕಿನ ತಗಡು ಸೇರಿಸಿ, ಬಿಗಿಯಾದ ಗುಂಡಿ ಹಾಕಿಕೊಟ್ಟರು. ದುಡ್ಡು ತಗೊಳ್ಳಲಿಲ್ಲ. ಒರೆಗೆ 2,800, ಬೆಲ್ಟಿಗೆ 1,600 ಕೊಟ್ಟಿದ್ದೆ. ಮೊದಲನೆಯದು ಹಾಗೇ ಬಿದ್ದಿದೆ, ಅದರ ತಪ್ಪು ಅವರದಲ್ಲ.

ಆರೈಕೆಯ ಬಗ್ಗೆ ಅವರು ಹೇಳಿದ್ದು, ನಾನು ಪಾಲಿಸುತ್ತಿರುವುದು: ರಿವಾಲ್ವರನ್ನು ರಾತ್ರಿ ಒರೆಯಲ್ಲಿ ಬಿಡಬಾರದು. ಚರ್ಮ ಬೆವರು ಹೀರಿಕೊಂಡು ಕೂತಿರುತ್ತದೆ, ಕಬ್ಬಿಣಕ್ಕೆ ತುಕ್ಕು ಹತ್ತುತ್ತದೆ. ಮಳೆಗಾಲದಲ್ಲಂತೂ ಪ್ರತಿದಿನ ಒರೆಸಿ ಎಣ್ಣೆ ಹಚ್ಚುತ್ತೇನೆ. ಒರೆಗೆ ಮಾತ್ರ ಎಣ್ಣೆ ಹಚ್ಚಬಾರದು, ಮೆತ್ತಗಾಗಿ ಅಚ್ಚು ಬಿಡುತ್ತದೆ. ವರ್ಷಕ್ಕೆರಡು ಸಲ ಜೇನುಮೇಣ ಸ್ವಲ್ಪ ಉಜ್ಜಿದರೆ ಸಾಕು. ಒದ್ದೆಯಾದರೆ ನೆರಳಲ್ಲಿ ಒಣಗಿಸಿ, ಬಿಸಿಲಿಗೂ ಇಸ್ತ್ರಿ ಪೆಟ್ಟಿಗೆಗೂ ಹತ್ತಿರ ಒಯ್ಯಬೇಡಿ. ಚುನಾವಣೆ ಬಂದಾಗ ರಿವಾಲ್ವರ್ ಠಾಣೆಗೆ ಜಮಾ ಆಗುತ್ತದೆ. ಆಗ ಒರೆಯೊಳಗೆ ಹಳೆ ಬಟ್ಟೆ ತುಂಬಿಡುತ್ತೇನೆ, ಬಾಯಿ ಒಳಗೆ ಕುಸಿಯದ ಹಾಗೆ.

ಹೋದ ತಿಂಗಳು ಬೆಲ್ಟಿಗೆ ಹೊಸ ತೂತು ಹಾಕಿಸಲು ಹೋಗಿದ್ದೆ. ಕಾಕಾನ ಕಣ್ಣಿಗೆ ಪೊರೆ ಬರುತ್ತಿದೆ, ಎರಡು ಸೂಜಿಯ ಹೊಲಿಗೆ ಈಗ ಮೊಮ್ಮಗಳು ಹಾಕುತ್ತಾಳೆ, ಅವರು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಾರೆ. ಒಂದು ಕಡೆ ದಾರ ಸಡಿಲವಿದ್ದದ್ದು ನನಗೆ ಕಾಣಲಿಲ್ಲ, ಅವರ ಬೆರಳಿಗೆ ಕಂಡಿತು. ಬಿಚ್ಚಿಸಿ ಮತ್ತೆ ಹಾಕಿಸಿದರು.

ಹೋಗುವವರು ಬೆಳಿಗ್ಗೆ ಹನ್ನೊಂದರ ಮೇಲೆ ಹೋಗಿ, ಸೋಮವಾರ ಬಾಗಿಲು ಹಾಕಿರುತ್ತಾರೆ. ನೀವು ಕೂತು ಮಾಡುವ ಕೆಲಸ ಏನು, ಯಾವ ಬಟ್ಟೆ ಉಡುತ್ತೀರಿ ಅನ್ನುವುದನ್ನು ಮೊದಲೇ ಹೇಳಿ. ಆಯುಧ ಮನೆಯಲ್ಲೇ ಬಿಟ್ಟು ಕಟ್ಟಿಗೆಯ ಅಚ್ಚು ಒಯ್ಯಿರಿ. ಮೂರು ಇಂಚಿನ ನಳಿಗೆಯ ಇದೇ ರಿವಾಲ್ವರ್ ಇರುವವರು ಅದನ್ನೂ ಕೆತ್ತಿಸಬೇಕಿಲ್ಲ, ನನ್ನ ಸಾಗವಾನಿ ಅಚ್ಚು ಅವರ ಗೋಡೆಯ ಗೂಡಿನಲ್ಲಿದೆ, ಬಳಸಲು ಹೇಳಿ ಬಂದಿದ್ದೇನೆ.